ಹಳೇ ಜಾವಾ, ಯೆಜ್ಡಿಯ ಮುಂದಿನ ಶಾಕ್‌ಗೆ ಬಿಡಿಭಾಗ ಸಿಗುವುದೇ ಇಲ್ಲವೇ? ಫಾರ್ವರ್ಡ್‌ಗಳಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು?

ಮೈಸೂರಿನ ಅಗ್ರಹಾರದಂಥ ಹಳೇ ಬಡಾವಣೆಯ ಮನೆಗಳಲ್ಲಿ ಅಪ್ಪನದೋ ತಾತನದೋ ಒಂದು ಜಾವಾ ಅಥವಾ ಯೆಜ್ಡಿ ಮೂಲೆಯಲ್ಲಿ ನಿಂತಿದ್ದರೆ ಆಶ್ಚರ್ಯವಿಲ್ಲ. ಅವು ತಯಾರಾದದ್ದು ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಯಾದವಗಿರಿಯಲ್ಲಿ. ಫಾರೂಖ್ ಇರಾನಿ ಮತ್ತು ರುಸ್ತುಂ ಇರಾನಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಲ್ಲಿ ಶುರುವಾಯಿತು. 1973ರಿಂದ ಗಾಡಿಗಳ ಮೇಲೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಇಂಥ ಗಾಡಿಯ ಮುಂದಿನ ಶಾಕ್‌ನಿಂದ, ಅಂದರೆ ಫೋರ್ಕ್‌ನಿಂದ, ಎಣ್ಣೆ ಸೋರಲು ಶುರುವಾದರೆ ಸಾಕು, ಮೊಬೈಲ್‌ಗೆ ಸಲಹೆಗಳ ಸುರಿಮಳೆ. "ಪಾರ್ಟ್ಸ್ ಸಿಗಲ್ಲ, ಗುಜರಿಗೆ ಹಾಕಿ" ಎನ್ನುವವರೂ ಇದ್ದಾರೆ, "ಬ್ರೇಕ್ ಆಯಿಲ್ ಹಾಕಿ, ನಿಲ್ಲುತ್ತೆ" ಎನ್ನುವವರೂ ಇದ್ದಾರೆ. ಮೊದಲನೆಯದನ್ನು ನಂಬಿದರೆ ಗಾಡಿ ಹೋಗುತ್ತದೆ. ಎರಡನೆಯದನ್ನು ನಂಬಿದರೆ ಓಡಿಸುವವರಿಗೇ ಅಪಾಯ. ಒಂದೊಂದಾಗಿ ನೋಡೋಣ.

ಫೋರ್ಕ್ ಒಳಗೆ ಏನಿರುತ್ತದೆ?

ಒಂದು ಉಕ್ಕಿನ ಪೈಪ್, ಅದರ ಮೇಲೆ ಜಾರುವ ಕೆಳಗಿನ ಕೇಸ್, ಒಳಗೆ ಸ್ಪ್ರಿಂಗ್, ಒಂದಷ್ಟು ಎಣ್ಣೆ. ಗುಂಡಿಗೆ ಬಿದ್ದಾಗ ಭಾರ ಹೊರುವುದು ಸ್ಪ್ರಿಂಗ್. ಆಮೇಲೆ ಗಾಡಿ ಕುಣಿಯುತ್ತಲೇ ಇರದಂತೆ ತಡೆಯುವುದು ಸಣ್ಣ ತೂತುಗಳಲ್ಲಿ ನುಗ್ಗಿ ಹೋಗುವ ಎಣ್ಣೆ. ಪೈಪ್ ಅಲ್ಲಾಡದಂತೆ ಹಿಡಿಯಲು ಬುಶ್, ಎಣ್ಣೆ ಹೊರಬಾರದಂತೆ ರಬ್ಬರ್ ಆಯಿಲ್ ಸೀಲ್ ಇರುತ್ತವೆ. ಎಣ್ಣೆಯಿಂದ ಕುಣಿತ ತಡೆಯುವ ಇಂಥ ಫೋರ್ಕನ್ನು ಮಾರಾಟದ ಬೈಕ್‌ನಲ್ಲಿ ಮೊದಲು ತಂದದ್ದು ಬಿಎಂಡಬ್ಲ್ಯು, 1935ರಲ್ಲಿ. ತತ್ವ ಇಂದಿಗೂ ಅದೇ. ಹಳೇ ಫೋರ್ಕ್ ರಿಪೇರಿ ಸಾಧ್ಯವಾಗುವುದೂ ಅದರಿಂದಲೇ.

ಹೇಳಿಕೆ 1: "ಕಾರ್ಖಾನೆ ಮುಚ್ಚಿದೆ, ಸೀಲ್ ಸಿಗಲ್ಲ"

ತಪ್ಪು. ಆಯಿಲ್ ಸೀಲ್ ಒಂದೇ ಕಂಪನಿಯ ಸ್ವತ್ತಲ್ಲ, ಅದು ಅಳತೆಯ ಮೇಲೆ ಮಾರುವ ವಸ್ತು. ಸೀಲ್ ಮೇಲೆ ಸಾಮಾನ್ಯವಾಗಿ ಮೂರು ಸಂಖ್ಯೆ ಇರುತ್ತವೆ: ಒಳವ್ಯಾಸ, ಹೊರವ್ಯಾಸ, ದಪ್ಪ, ಎಲ್ಲವೂ ಮಿಲಿಮೀಟರ್‌ನಲ್ಲಿ. ಉದಾಹರಣೆಗೆ 35×47×10 ಎಂದಿದ್ದರೆ 35 ಮಿ.ಮೀ. ಪೈಪ್‌ಗೆ, 47 ಮಿ.ಮೀ. ಗೂಡಿಗೆ ಕೂರುವ, 10 ಮಿ.ಮೀ. ದಪ್ಪದ ಸೀಲ್ ಎಂದರ್ಥ. ಸಂಖ್ಯೆ ಅಳಿಸಿದ್ದರೆ ಪೈಪ್ ಮತ್ತು ಗೂಡನ್ನು ವರ್ನಿಯರ್‌ನಲ್ಲಿ ಅಳೆಯಿರಿ. ಆ ಅಳತೆ ಹಿಡಿದು ಬೇರಿಂಗ್, ಸೀಲ್ ಮಾರುವ ಅಂಗಡಿಗೆ ಹೋಗಿ. ಕೇಳುವಾಗ "ಫೋರ್ಕ್‌ಗೆ" ಎಂದು ಹೇಳಲೇಬೇಕು. ತಿರುಗುವ ಶಾಫ್ಟ್‌ಗೆ ಮಾಡಿದ ಸೀಲ್, ಮೇಲೆ ಕೆಳಗೆ ಜಾರುವ ಪೈಪ್‌ನಲ್ಲಿ ಹೆಚ್ಚು ದಿನ ಬಾಳದು.

ಹೇಳಿಕೆ 2: "ಕಂಪನಿ ಪ್ಯಾಕ್‌ನ ಹಳೇ ಸ್ಟಾಕ್ ಸಿಕ್ಕರೆ ಎಷ್ಟಾದರೂ ಕೊಟ್ಟು ತಗೊಳ್ಳಿ"

ಅರ್ಧ ಸತ್ಯ. ಲೋಹದ ಭಾಗಕ್ಕೆ ಈ ಮಾತು ಸರಿ. ತುಕ್ಕು ಹಿಡಿಯದ ಹಳೇ ಪೈಪ್, ಕೇಸ್, ಸ್ಪ್ರಿಂಗ್ ಸಿಕ್ಕರೆ ಅದೃಷ್ಟ. ರಬ್ಬರ್‌ಗೆ ಸರಿಯಲ್ಲ. ಕವರ್ ಒಡೆಯದಿದ್ದರೂ ರಬ್ಬರ್ ವರ್ಷ ಕಳೆದಂತೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಮೂವತ್ತು ವರ್ಷ ಹಳೆಯ "ಒರಿಜಿನಲ್" ಸೀಲ್‌ಗಿಂತ ಈಗ ತಯಾರಾದ ನೈಟ್ರೈಲ್ ರಬ್ಬರ್ ಸೀಲ್ ಮೇಲು.

ಹೇಳಿಕೆ 3: "ಹೊಸ ಜಾವಾದ ಪಾರ್ಟ್ಸ್ ಹಾಕಿದರೆ ಆಯ್ತು"

ತಪ್ಪು. 2018ರಲ್ಲಿ ಕ್ಲಾಸಿಕ್ ಲೆಜೆಂಡ್ಸ್ ಬಿಡುಗಡೆ ಮಾಡಿದ ಜಾವಾ ಬೇರೆಯೇ ವಿನ್ಯಾಸದ ಫೋರ್ ಸ್ಟ್ರೋಕ್ ಗಾಡಿ. ಹೆಸರು ಒಂದೇ ಎಂದ ಮಾತ್ರಕ್ಕೆ ಭಾಗ ಹೊಂದುವುದಿಲ್ಲ. ಹಳೇ ಗಾಡಿಗಳಲ್ಲೂ ಜಾವಾ 250ರದ್ದು ರೋಡ್‌ಕಿಂಗ್‌ಗೆ ಹೊಂದುತ್ತದೆ ಎಂದು ಊಹಿಸಬೇಡಿ. ಮಾಡೆಲ್, ಇಸವಿ, ಬಿಚ್ಚಿದ ಹಳೇ ಭಾಗ ಮೂರೂ ಕೈಯಲ್ಲಿರಲಿ.

ಹೇಳಿಕೆ 4: "ಸೋರಿದರೆ ದಪ್ಪ ಎಣ್ಣೆ, ಗ್ರೀಸ್ ಇಲ್ಲವೇ ಬ್ರೇಕ್ ಆಯಿಲ್ ತುಂಬಿ"

ಅಪಾಯಕಾರಿ. ಬ್ರೇಕ್ ಆಯಿಲ್ ತಾಗಿದರೆ ನೈಟ್ರೈಲ್ ರಬ್ಬರ್ ಊದಿಕೊಳ್ಳುತ್ತದೆ. ಸೋರಿಕೆ ಕೆಲವು ದಿನ ನಿಂತಂತೆ ಕಾಣಬಹುದು, ಆಮೇಲೆ ಸೀಲ್ ಹಾಳು. ಗ್ರೀಸ್ ಆ ಸಣ್ಣ ತೂತುಗಳಲ್ಲಿ ಹರಿಯುವುದಿಲ್ಲ, ಹಾಗಾಗಿ ಕುಣಿತ ತಡೆಯುವ ಕೆಲಸವೇ ನಡೆಯುವುದಿಲ್ಲ. ಹೊರಗೆ ಸೋರಿದ ಎಣ್ಣೆ ಕೆಳಗಿಳಿದು ಮುಂದಿನ ಬ್ರೇಕ್ ಒಳಗೆ ಸೇರಿದರೆ ಬ್ರೇಕ್ ಹಿಡಿಯದು. ಮ್ಯಾನ್ಯುಯಲ್ ಹೇಳಿದ ದರ್ಜೆಯ ಎಣ್ಣೆಯನ್ನು ಎರಡೂ ಕಾಲಿಗೆ ಸಮನಾಗಿ ಅಳೆದು ಹಾಕಿ.

ಹೇಳಿಕೆ 5: "ಹೊಸ ಸೀಲ್ ಹಾಕಿದರೂ ಸೋರಿದರೆ ಸೀಲ್ ಡೂಪ್ಲಿಕೇಟ್"

ಯಾವಾಗಲೂ ಅಲ್ಲ. ಎಷ್ಟೋ ಸಲ ತಪ್ಪು ಪೈಪಿನದು. ತುಕ್ಕಿನ ಚುಕ್ಕೆಯ ಅಂಚು ಸೀಲಿನ ತುಟಿಯನ್ನು ಬ್ಲೇಡಿನಂತೆ ಕೊಯ್ಯುತ್ತದೆ. ಉಗುರು ಸವರಿ ನೋಡಿ. ಸೀಲ್ ಓಡಾಡುವ ಜಾಗದಲ್ಲಿ ಉಗುರು ಸಿಕ್ಕಿಕೊಂಡರೆ ಪೈಪ್‌ಗೆ ಹಾರ್ಡ್ ಕ್ರೋಮ್ ಮಾಡಿಸಿ ಗ್ರೈಂಡ್ ಮಾಡಿಸಬೇಕು, ಇಲ್ಲವೇ ಬೇರೆ ಪೈಪ್ ಹುಡುಕಬೇಕು. ಹ್ಯಾಂಡಲ್, ಸೈಲೆನ್ಸರ್‌ಗೆ ಹಾಕುವ ಹೊಳಪಿನ ಕ್ರೋಮ್ ಇಲ್ಲಿ ನಡೆಯದು. ಅದು ಒಂದು ಮೈಕ್ರಾನ್‌ಗಿಂತ ತೆಳು. ಹಾರ್ಡ್ ಕ್ರೋಮ್ ಹತ್ತಾರು ಮೈಕ್ರಾನ್ ದಪ್ಪ ಇರುತ್ತದೆ.

ಪೈಪನ್ನು ದಪ್ಪ ಗಾಜಿನ ಮೇಲೆ ಉರುಳಿಸಿ ನೋಡಿ. ಅಡಿಯಲ್ಲಿ ಬೆಳಕಿನ ಸಂದು ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗಿದರೆ ಪೈಪ್ ಬಾಗಿದೆ. ಅಲ್ಪಸ್ವಲ್ಪ ಬಾಗಿದ್ದರೆ ಪ್ರೆಸ್‌ನಲ್ಲಿ ನೇರ ಮಾಡಿಸಬಹುದು. ಮಡಿಚಿದ ಗುರುತಿದ್ದರೆ ಅದನ್ನು ಬಳಸಲೇಬೇಡಿ. ಗ್ಯಾಸ್ ಕಟರ್‌ನಲ್ಲಿ ಕಾಯಿಸಿ ನೇರ ಮಾಡಿದರೆ ಉಕ್ಕಿನ ಬಲ ಕುಗ್ಗುತ್ತದೆ. ಗಾಡಿಯ ಮುಂಭಾಗ ನಿಂತಿರುವುದು ಈ ಎರಡು ಪೈಪ್‌ಗಳ ಮೇಲೆ ಎಂಬುದು ನೆನಪಿರಲಿ.

ಹಾಗಾದರೆ ಎಲ್ಲಿ ಹುಡುಕುವುದು?

• ಸೀಲ್: ಅಳತೆ ಹಿಡಿದು ಬೇರಿಂಗ್ ಅಂಗಡಿ.
• ಬುಶ್: ಪೈಪ್, ಕೇಸ್ ಎರಡನ್ನೂ ಒಯ್ದು ಲೇತ್‌ನಲ್ಲಿ ಗನ್‌ಮೆಟಲ್ ಅಥವಾ ಕಂಚಿನದು ಮಾಡಿಸಿ.
• ಪೈಪ್, ಕೇಸ್, ಸ್ಪ್ರಿಂಗ್: ಮೊದಲು ಮೈಸೂರಿನ ಹಳೇ ಜಾವಾ ಮೆಕ್ಯಾನಿಕ್‌ಗಳು ಮತ್ತು ಜಾವಾ-ಯೆಜ್ಡಿ ಕ್ಲಬ್‌ಗಳನ್ನು ವಿಚಾರಿಸಿ. ಆಮೇಲೆ ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈನ ಪುದುಪೇಟೆ, ದೆಹಲಿಯ ಕರೋಲ್‌ಬಾಗ್.
• ಆನ್‌ಲೈನ್ ಆದರೆ ದುಡ್ಡು ಕಳಿಸುವ ಮುನ್ನ ವರ್ನಿಯರ್ ಇಟ್ಟು ತೆಗೆದ ಫೋಟೋ ಕೇಳಿ. "ಎಲ್ಲ ಮಾಡೆಲ್‌ಗೂ ಆಗುತ್ತೆ" ಎಂದವರಿಂದ ಕೊಳ್ಳಬೇಡಿ.

ಸೀಲ್ ಕೂರಿಸುವಾಗ ಸಣ್ಣ ಸ್ಪ್ರಿಂಗ್ ಇರುವ ಬದಿ ಎಣ್ಣೆಯ ಕಡೆಗಿರಲಿ. ಪೈಪಿನ ತುದಿಗೆ ಟೇಪ್ ಸುತ್ತಿ, ತುಟಿಗೆ ಎಣ್ಣೆ ಸವರಿ. ಸೀಲನ್ನು ಎರಡೂ ಕಾಲಿಗೆ ಒಟ್ಟಿಗೇ ಬದಲಿಸಿ.

ಕೊನೆಯ ಮಾತು

ಕಾರ್ಖಾನೆ ಮುಚ್ಚಿದ್ದು ನಿಜ, ಗಾಡಿ ಸತ್ತಿತು ಎನ್ನುವುದು ಸುಳ್ಳು. ಫೋರ್ಕ್‌ನಲ್ಲಿ ಬೇಗ ಸವೆಯುವ ಸೀಲ್, ಬುಶ್, ಎಣ್ಣೆ ಇಂದೂ ಸಿಗುತ್ತವೆ ಅಥವಾ ಮಾಡಿಸಬಹುದು. ಕಷ್ಟವಾಗುವುದು ಪೈಪ್ ಮತ್ತು ಕೇಸ್ ಮಾತ್ರ. ಆದ್ದರಿಂದ ಹಳೆಯದು ಎಷ್ಟೇ ಕೆಟ್ಟಿರಲಿ, ಹೊಸದು ಕೈಗೆ ಬಂದು ಹೊಂದುವವರೆಗೆ ಗುಜರಿಗೆ ಕೊಡಬೇಡಿ, ಅಳತೆಗೆ ಅದೇ ಆಧಾರ. ಮನೆಯಲ್ಲಿ ಹಳೇ ಗಾಡಿ ಇರುವವರಿಗೆ ಇದನ್ನು ಕಳಿಸಿ. ಬ್ರೇಕ್ ಆಯಿಲ್ ಸಲಹೆ ಬಂದರೆ ಮಾತ್ರ ಅಲ್ಲಿಗೇ ನಿಲ್ಲಿಸಿ.