ಬ್ರೇಕ್ ಹಾಕಿದರೆ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆ? ‘ನಿಯತಾಂಕ’ ಎಂದರೇನು ತಿಳಿಯಿರಿ

‘ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಕಾರು ಬ್ರೇಕ್ ಹಾಕಿದ ಮೇಲೆ 20 ಮೀಟರ್‌ನಲ್ಲಿ ನಿಲ್ಲುತ್ತದೆ.’ ಇಂಥ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೆ ಬಂತು ಎಂದುಕೊಳ್ಳಿ. ಇದು ನಿಜವೇ, ಸುಳ್ಳೇ? ಒಣ ರಸ್ತೆಯಲ್ಲಿ ಹೆಚ್ಚುಕಡಿಮೆ ನಿಜ. ಮಳೆಯಲ್ಲಿ ಇದನ್ನೇ ನಂಬಿದರೆ ಜೀವಕ್ಕೇ ಅಪಾಯ. ಕಾರಣ ತಿಳಿಯಲು ಭೌತಶಾಸ್ತ್ರದ ಒಂದು ಪದ ಗೊತ್ತಿರಬೇಕು: ನಿಯತಾಂಕ, ಅಂದರೆ ಪ್ಯಾರಾಮೀಟರ್.

ಲೆಕ್ಕ ಹೇಗೆ?

ಚಕ್ರಗಳು ರಸ್ತೆಯ ಹಿಡಿತವನ್ನು ಪೂರ್ತಿ ಬಳಸಿಕೊಂಡಾಗ, ಸಮತಟ್ಟಾದ ರಸ್ತೆಯಲ್ಲಿ ಸರಳ ಸೂತ್ರ ಇದು:

ನಿಲ್ಲುವ ದೂರ = (ವೇಗ × ವೇಗ) ÷ (2 × ಘರ್ಷಣಾ ಗುಣಾಂಕ × ಗುರುತ್ವ ವೇಗೋತ್ಕರ್ಷ)

ಇದರಲ್ಲಿ ವೇಗ ‘ಚರ’. ಆಕ್ಸಿಲರೇಟರ್ ಒತ್ತಿದಂತೆ ಅದು ಬದಲಾಗುತ್ತದೆ. ಘರ್ಷಣಾ ಗುಣಾಂಕ ಎಂದರೆ ಟೈರಿಗೂ ರಸ್ತೆಗೂ ಇರುವ ಹಿಡಿತದ ಅಳತೆ. ಇದೇ ಇಲ್ಲಿನ ನಿಯತಾಂಕ. ಒಂದು ಸನ್ನಿವೇಶದಲ್ಲಿ ಅದನ್ನು ಸ್ಥಿರ ಎಂದು ಹಿಡಿಯುತ್ತೇವೆ. ಸನ್ನಿವೇಶ ಬದಲಾದರೆ ಅದೂ ಬದಲಾಗುತ್ತದೆ. ಗುರುತ್ವ ವೇಗೋತ್ಕರ್ಷ ಭೂಮಿಯ ಮೇಲೆ ಎಲ್ಲ ಕಡೆ ಸುಮಾರು 9.8. ಚಂದ್ರನ ಮೇಲಾದರೆ ಸುಮಾರು 1.6 ಮಾತ್ರ. ಹಾಗಾಗಿ ಅದೂ ಒಂದು ನಿಯತಾಂಕವೇ. ನಿರ್ವಾತದಲ್ಲಿ ಬೆಳಕಿನ ವೇಗದಂಥದ್ದು ಮಾತ್ರ ಎಲ್ಲಿ ಹೋದರೂ ಬದಲಾಗದ ಸ್ಥಿರಾಂಕ.

ಮಳೆ ಬಂದರೆ ಏನಾಗುತ್ತದೆ?

ಒಣ ಡಾಂಬರು ರಸ್ತೆಯಲ್ಲಿ ಘರ್ಷಣಾ ಗುಣಾಂಕ ಸುಮಾರು 0.7 ಎಂದುಕೊಳ್ಳೋಣ. 60 ಕಿ.ಮೀ. ವೇಗದಲ್ಲಿ ನಿಲ್ಲುವ ದೂರ ಸುಮಾರು 20 ಮೀಟರ್. ಒದ್ದೆ ರಸ್ತೆಯಲ್ಲಿ ಅದು 0.4ಕ್ಕೆ ಇಳಿದರೆ ಸುಮಾರು 35 ಮೀಟರ್ ಬೇಕು. ಕಾರು ಅದೇ, ವೇಗ ಅದೇ, ಸೂತ್ರವೂ ಅದೇ. ಬದಲಾಗಿದ್ದು ನಿಯತಾಂಕ ಒಂದೇ.

ಇದಕ್ಕೆ ಚಾಲಕರ ಪ್ರತಿಕ್ರಿಯೆಯ ಸಮಯವನ್ನೂ ಸೇರಿಸಿ. ಅಪಾಯ ಕಂಡು ಬ್ರೇಕ್ ತುಳಿಯಲು ಒಂದು ಸೆಕೆಂಡ್ ಹಿಡಿದರೂ ಅಷ್ಟರಲ್ಲಿ ಕಾರು ಸುಮಾರು 17 ಮೀಟರ್ ಸಾಗಿರುತ್ತದೆ. ಅಂದರೆ ಒದ್ದೆ ರಸ್ತೆಯಲ್ಲಿ ಒಟ್ಟು 52 ಮೀಟರ್! ಮೊಬೈಲ್ ನೋಡುತ್ತಿದ್ದರೆ ಇನ್ನೂ ಹೆಚ್ಚು.

ಯಾವುದು ಚರ, ಯಾವುದು ನಿಯತಾಂಕ?

ಇದು ನೀವು ಕೇಳುವ ಪ್ರಶ್ನೆಯ ಮೇಲೆ ನಿಂತಿದೆ. ಒಂದೇ ರಸ್ತೆಯಲ್ಲಿ ಬೇರೆ ಬೇರೆ ವೇಗಗಳನ್ನು ಹೋಲಿಸಿದರೆ ವೇಗ ಚರ, ಹಿಡಿತ ನಿಯತಾಂಕ. ಒಂದೇ ವೇಗದಲ್ಲಿ ಬೇರೆ ಬೇರೆ ರಸ್ತೆಗಳನ್ನು ಹೋಲಿಸಿದರೆ ಅವು ಅದಲುಬದಲಾಗುತ್ತವೆ.

ಸೂತ್ರದಲ್ಲಿ ಇಲ್ಲದ್ದನ್ನೂ ಗಮನಿಸಿ: ಕಾರಿನ ತೂಕ ಇಲ್ಲಿ ಬರುವುದೇ ಇಲ್ಲ. ತೂಕ ಹೆಚ್ಚಿದಷ್ಟೂ ನಿಲ್ಲಿಸುವುದು ಕಷ್ಟ, ಆದರೆ ಘರ್ಷಣೆಯೂ ಅಷ್ಟೇ ಹೆಚ್ಚುತ್ತದೆ, ಎರಡೂ ಸರಿಹೋಗುತ್ತವೆ. ಭಾರಿ ಲಾರಿಗಳ ಬ್ರೇಕ್ ಕಾದು ಸೋಲುವುದು ಬೇರೆ ವಿಷಯ. ಅದು ಈ ಸರಳ ಲೆಕ್ಕದೊಳಗೆ ಇಲ್ಲ.

ನೆನಪಿಡಿ

ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿದ ಮೇಲೆ ಸಾಗುವ ದೂರ ನಾಲ್ಕು ಪಟ್ಟಾಗುತ್ತದೆ. ಹಿಡಿತ ಅರ್ಧವಾದರೆ ದೂರ ಎರಡು ಪಟ್ಟು. ರಸ್ತೆ ಒದ್ದೆಯಾಗುವುದನ್ನು ನಾವು ತಡೆಯಲಾಗದು; ವೇಗ ಇಳಿಸುವುದು, ಸವೆದ ಟೈರ್ ಬದಲಿಸುವುದು ನಮ್ಮ ಕೈಯಲ್ಲಿದೆ.

ಇನ್ನು ಮುಂದೆ ಯಾವುದೇ ಸಂದೇಶದಲ್ಲಿ ‘ಇಷ್ಟೇ ಮೀಟರ್’, ‘ಇಷ್ಟೇ ನಿಮಿಷ’ ಎಂದು ಕಂಡರೆ, ಫಾರ್ವರ್ಡ್ ಮಾಡುವ ಮುನ್ನ ಒಂದು ಪ್ರಶ್ನೆ ಕೇಳಿ: ಯಾವ ಪರಿಸ್ಥಿತಿಯಲ್ಲಿ? ಅದಕ್ಕೆ ಉತ್ತರವಿಲ್ಲದಿದ್ದರೆ ಆ ಅಂಕಿ ಅರ್ಧ ಮಾಹಿತಿ ಮಾತ್ರ.