ಕಲ್ಲಿನ ಮೇಲೆ ಕೆಂಪು ಶಾಯಿ

ಕೆಲವು ವರ್ಷಗಳ ಹಿಂದೆ ಒಂದು ಪತ್ರಿಕೆಗೆ ಹಲ್ಮಿಡಿ ಶಾಸನದ ಬಗ್ಗೆ ಚಿಕ್ಕ ಲೇಖನ ಕಳಿಸಿದ್ದೆ. ಅಚ್ಚಾಗಿ ಬಂದಾಗ ನೋಡಿದರೆ ನನ್ನ ವಾಕ್ಯಗಳಿಗೆ ಏನೂ ಆಗಿರಲಿಲ್ಲ, ಶಾಸನವನ್ನೇ ತಿದ್ದಿಬಿಟ್ಟಿದ್ದರು! ‘ಕೊಟ್ಟಾರ್’ ಅನ್ನುವುದು ‘ಕೊಟ್ಟರು’ ಆಗಿತ್ತು. ‘ಪಲ್ಮಡಿಉಂ’ ನಡುವೆ ಒಂದು ಯಕಾರ ನುಗ್ಗಿ ‘ಪಲ್ಮಡಿಯುಂ’ ಆಗಿತ್ತು. ೞಕಾರ ಇದ್ದಲ್ಲೆಲ್ಲ ಳಕಾರ. ಫೋನ್ ಮಾಡಿ ಕೇಳಿದೆ. “ಕಾಗುಣಿತದ ತಪ್ಪು ಬಹಳ ಇತ್ತು ಸಾರ್, ಸರಿ ಮಾಡಿದ್ವಿ” ಅಂದರು, ನಾನು ಥ್ಯಾಂಕ್ಸ್ ಹೇಳ್ತೀನಿ ಅನ್ನುವ ನಿರೀಕ್ಷೆಯ ದನಿಯಲ್ಲಿ.

ಆ ಮನುಷ್ಯರ ಮೇಲೆ ನನಗೆ ಪೂರ್ತಿ ಕೋಪ ಬರಲಿಲ್ಲ. ಕರಡು ತಿದ್ದುವ ಕೆಲಸ ನಾನೂ ಮಾಡಿದ್ದೇನೆ. ‘ಹಾದರ’ವೂ ‘ಆದರ’ವೂ ಅದಲುಬದಲಾದ ಆಹ್ವಾನ ಪತ್ರಿಕೆ ಕೈಗೆ ಬಂದಾಗ ಕೆಂಪು ಪೆನ್ನಿನ ಬೆಲೆ ಗೊತ್ತಾಗುತ್ತದೆ. ಆದರೆ ಶಾಸನಪಾಠ ಲೇಖಕನ ಬರಹವಲ್ಲ, ಸಾಕ್ಷಿ. ಸಾಕ್ಷಿಯ ಹೇಳಿಕೆಯನ್ನು ಚೆಂದ ಮಾಡಲು ಹೋದರೆ ಏನಾಗುತ್ತದೆ ಅಂತ ಹಲ್ಮಿಡಿಯನ್ನೇ ಇಟ್ಟುಕೊಂಡು ನೋಡೋಣ.

ಬೇಲೂರು ತಾಲ್ಲೂಕಿನ ಈ ಶಾಸನವನ್ನು ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೆಳಕಿಗೆ ತಂದರು. ಕಾಲ ಸುಮಾರು ಕ್ರಿ.ಶ. 450 ಎಂಬುದು ರೂಢಿಯ ಮಾತು. ‘ಕೊಟ್ಟಾರ್’ ಎಂಬಲ್ಲಿಯ ದೀರ್ಘ ಕೈತಪ್ಪಲ್ಲ. ಅದೇ ಶಾಸನದಲ್ಲಿ ‘ವಿಟ್ಟಾರ್’ ಕೂಡ ಇದೆ. ಶ್ರವಣಬೆಳಗೊಳದ ಏಳನೇ ಶತಮಾನದ ನಿಸಿದಿ ಶಾಸನಗಳಲ್ಲೂ ಇಂಥ ದೀರ್ಘ ಸಿಗುತ್ತದೆ. ಮುಂದೆ ಹಳಗನ್ನಡದಲ್ಲಿ ಅದು ‘ಕೊಟ್ಟರ್’ ಎಂದು ಹ್ರಸ್ವವಾಯಿತು. ಪೂರ್ವದ ಹಳಗನ್ನಡವನ್ನು ಗುರುತಿಸುವ ಮುಖ್ಯ ಲಕ್ಷಣಗಳಲ್ಲಿ ಇದೂ ಒಂದು. ಆರು ಮತ್ತು ಏಳನೇ ಶತಮಾನದ ಶಾಸನಗಳ ವ್ಯಾಕರಣವನ್ನು ಎ.ಎನ್. ನರಸಿಂಹಯ್ಯನವರು 1941ರಲ್ಲಿ ಪುಸ್ತಕವಾಗಿ ತಂದದ್ದು ಇಂಥ ದೀರ್ಘ, ಇಂಥ ಪ್ರತ್ಯಯಗಳನ್ನು ಒಂದೊಂದಾಗಿ ಆಯ್ದು ಜೋಡಿಸಿ. ಒಂದು ಕೊಂಬು, ಒಂದು ದೀರ್ಘ ಅಳಿಸಿದರೆ ಆ ಕಟ್ಟಡದ ಒಂದು ಇಟ್ಟಿಗೆ ಹೋಯಿತು.

ೞಕಾರದ ಕಥೆ ಇನ್ನೂ ಸೂಕ್ಷ್ಮ. ಶಾಸನದಲ್ಲಿ ‘ಬಾಳ್ಗೞ್ಚು’ ಎಂಬ ಪದ ಇದೆ. ಬಾಳ್ ಅಂದರೆ ಕತ್ತಿ, ಕೞ್ಚು ಅಂದರೆ ತೊಳೆ. ಕತ್ತಿ ತೊಳೆದು ಕೊಟ್ಟದ್ದು, ವೀರನಿಗೆ ಸಂದ ದತ್ತಿ. ಒಂದೇ ಪದದೊಳಗೆ ಳ, ೞ ಎರಡೂ ಇವೆ, ಎರಡೂ ತಮ್ಮ ತಮ್ಮ ಜಾಗದಲ್ಲೇ ಇವೆ. ಮೊದಲನೆಯದನ್ನು ೞ ಮಾಡಿದರೆ ‘ಬಾೞ್’, ಅಂದರೆ ಬದುಕು! ಎರಡನೆಯದನ್ನು ಳ ಮಾಡಿದರೆ ತೊಳೆಯುವುದು ಮಾಯವಾಗಿ ‘ಕಳ್’ ಎಂಬ ಕಳ್ಳತನದ ನೆರಳು ಬೀಳುತ್ತದೆ. ಕೊನೆಗೆ ಬರುವ ‘ಅೞಿವೊನ್ಗೆ’ ಎಂದರೆ ಈ ದಾನವನ್ನು ಹಾಳುಮಾಡುವವನಿಗೆ. ಅದನ್ನು ‘ಅಳಿ’ ಎಂದು ಬರೆದರೆ ಹಳಗನ್ನಡದಲ್ಲಿ ದುಂಬಿಯೂ ಆಗಬಹುದು, ಪ್ರೀತಿಯೂ ಆಗಬಹುದು. ಹದಿಮೂರನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ರಳ, ಕುಳ, ಕ್ಷಳ ಅಂತ ಬೇರೆ ಬೇರೆ ಮಾಡಿ ಹೇಳಿದ್ದು ಸುಮ್ಮನೆ ಅಲ್ಲ.

ಹಾಗಂತ ಕಲ್ಲಿನ ಮೇಲಿರುವುದೆಲ್ಲ ವೇದವಾಕ್ಯ ಅಂತಲೂ ಅಲ್ಲ. ರಚಿಸಿದವನೊಬ್ಬ, ಬರೆದವನೊಬ್ಬ, ಕಂಡರಿಸಿದ ರೂವಾರಿ ಮತ್ತೊಬ್ಬ ಆಗಿರುವುದು ಉಂಟು. ಮೂರು ಕೈ ದಾಟುವಾಗ ತಪ್ಪು ನುಸುಳದೆ ಇದ್ದೀತೇ? ಹಲ್ಮಿಡಿಯ ಮೊದಲ ಸಾಲಿನಲ್ಲೇ ವಿಷ್ಣುವಿನ ಬಿಲ್ಲು ‘ಶಾರ್ಙ್ಗ’ ಆಗಬೇಕಾದ್ದು ‘ಶ್ಯಾರ್ಙ್ಗ’ ಆಗಿ ನಿಂತಿದೆ. ಇದು ತಪ್ಪೇ, ಸಂಶಯ ಬೇಡ. ಬಿಟ್ಟುಹೋದ ಅಕ್ಷರವನ್ನು ಸಾಲಿನ ಕೆಳಗೆ ಕೊರೆದು ಗುರುತು ಹಾಕಿದ ಶಾಸನಗಳಿವೆ. ತಾಮ್ರಪಟಗಳಲ್ಲಂತೂ ತಪ್ಪಾದ ಅಕ್ಷರವನ್ನು ಬಡಿದು ಸಮ ಮಾಡಿ ಅದರ ಮೇಲೇ ಮತ್ತೆ ಕೊರೆದದ್ದು ಕಾಣುತ್ತದೆ. ಕರಡು ತಿದ್ದುವವರ ಹಂಸಪಾದ ಪ್ರೆಸ್ಸಿನ ಜೊತೆ ಬಂದದ್ದೇನಲ್ಲ.

ಕಷ್ಟ ಇರುವುದು ನಡುವಿನ ಜಾಗದಲ್ಲಿ. ‘ಧರ್ಮ್ಮ’, ‘ಪೂರ್ವ್ವ’, ‘ಕೀರ್ತ್ತಿ’ ನೋಡಿದ ಕೂಡಲೇ ಹೊಸಬರು ಒಂದು ಒತ್ತು ಹೆಚ್ಚಾಯಿತು ಅಂತಾರೆ. ರೇಫದ ಮುಂದಿನ ವ್ಯಂಜನ ಇಮ್ಮಡಿಸುವುದನ್ನು ಪಾಣಿನಿಯೇ ವಿಕಲ್ಪವಾಗಿ ಒಪ್ಪಿದ್ದಾನೆ (ಅಷ್ಟಾಧ್ಯಾಯಿ 8.4.46). ‘ಸಾಸನ’, ‘ಸಕವರ್ಷ’ ಕಂಡಾಗ ಶಕಾರ ಬಾರದ ರೂವಾರಿ ಅಂತ ನಗುವವರಿದ್ದಾರೆ. ಸಾಸನ ಒಳ್ಳೆಯ ತದ್ಭವ ರೂಪ.

ಇದಕ್ಕೆಲ್ಲ ಶಾಸನ ಸಂಪಾದಕರು ಕಂಡುಕೊಂಡ ದಾರಿ ಸರಳ. ಎಪಿಗ್ರಾಫಿಯಾ ಇಂಡಿಕಾದ ಪದ್ಧತಿಯಲ್ಲಿ ಮಸುಕಾದ ಅಕ್ಷರಕ್ಕೆ ಚೌಕ ಕಂಸ, ತಪ್ಪಿನ ಪಕ್ಕದಲ್ಲಿ ದುಂಡು ಕಂಸದೊಳಗೆ ಸರಿಯಾದ ರೂಪ, ಸಂಪಾದಕ ತಾನಾಗಿ ಸೇರಿಸಿದ್ದಕ್ಕೆ ನಕ್ಷತ್ರ. ಕಲ್ಲಿನ ಮಾತು ಯಾವುದು, ಸಂಪಾದಕನ ಮಾತು ಯಾವುದು ಅನ್ನುವುದು ಓದುಗನಿಗೆ ಗೊತ್ತಾಗುತ್ತದೆ.

ಪತ್ರಿಕೆಯವರನ್ನು ಬೈದದ್ದಾಯಿತು, ಈಗ ನನ್ನದು. ಶುರುವಿನ ದಿನಗಳಲ್ಲಿ ಒಂದು ಹಳ್ಳಿಯ ಕೆರೆ ಏರಿಯ ಕಲ್ಲನ್ನು ಕಣ್ಣಳತೆಯಲ್ಲೇ ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದೆ, ಅಚ್ಚು ತೆಗೆದಿರಲಿಲ್ಲ. ಒಂದು ಸಾಲಿನಲ್ಲಿ ‘ಗದ್ದೆ’ ಅಂತ ಬರೆದಿದ್ದೇನೆ. ಈ ಪದ ಗೞ್ದೆ, ಗರ್ದೆ, ಗದ್ದೆ ಅಂತ ಮೂರು ಮೆಟ್ಟಿಲು ಇಳಿದು ಬಂದದ್ದು. ತೇದಿ ಇಲ್ಲದ ಆ ಕಲ್ಲಿಗೆ ಕಾಲ ಹೇಳಲು ಲಿಪಿಯ ಜೊತೆಗೆ ಇದೂ ಒಂದು ಆಧಾರ ಆಗುತ್ತಿತ್ತು. ಕಲ್ಲಿನಲ್ಲಿ ನಿಜಕ್ಕೂ ‘ಗದ್ದೆ’ ಇತ್ತೋ, ಅಥವಾ ನನ್ನ ಕೈಯೇ ಅಭ್ಯಾಸಬಲದಿಂದ ಹಾಗೆ ಬರೆಯಿತೋ? ಎರಡು ವರ್ಷ ಬಿಟ್ಟು ಹೋದಾಗ ಊರಿನವರು ಭಕ್ತಿಯಿಂದ ಕಲ್ಲಿಗೆ ಎನಾಮಲ್ ಪೇಂಟ್ ಬಳಿದು, ಅರಿಸಿನ ಕುಂಕುಮ ಇಟ್ಟಿದ್ದರು. ಅಕ್ಷರದ ಗೆರೆಗಳು ತುಂಬಿಹೋಗಿದ್ದವು. ನೋಟ್‌ಬುಕ್ಕಿನ ಆ ಪುಟದ ಅಂಚಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ, ಅಷ್ಟೇ.

ಕೊನೆಗೊಂದು ತಮಾಷೆ. ಈ ಲೇಖನದಲ್ಲಿ ನಾನು ಟೈಪ್ ಮಾಡಿದ ೞ ಅಕ್ಷರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ಇರುವ ಹೆಸರು ‘ಕನ್ನಡ ಲೆಟರ್ ಫಾ’! ಯಾರೋ ತಪ್ಪಾಗಿ ಕೊಟ್ಟ ಹೆಸರು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದು ಎಂಬುದು ಅಲ್ಲಿಯ ನಿಯಮ, ಆದ್ದರಿಂದ ತಪ್ಪನ್ನು ಹಾಗೇ ಉಳಿಸಿ, ಪಕ್ಕದಲ್ಲಿ ಸರಿಯಾದ ಹೆಸರನ್ನು ಬೇರೆಯಾಗಿ ನಮೂದಿಸಿದ್ದಾರೆ.