ಸಣ್ಣ ವ್ಯಾಪಾರಿಯ ಲೆಕ್ಕ: ಪಿಗ್ಮಿಯಿಂದ ಯು.ಪಿ.ಐ. ವರೆಗೆ

ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯು ಭಾರತೀಯ ಬ್ಯಾಂಕುಗಳ ತೌರೆಂಬ ಮಾತು ಪ್ರಸಿದ್ಧವಾದುದು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಸ್ಥಾಪಿಸಿದ ಕೆನರಾ ಹಿಂದೂ ಪರ್ಮನೆಂಟ್ ಫಂಡು, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಆರಂಭಿಸಿದ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್, 1924ರ ಕರ್ಣಾಟಕ ಬ್ಯಾಂಕು, 1931ರ ವಿಜಯಾ ಬ್ಯಾಂಕು, ಇವುಗಳ ಚರಿತ್ರೆಯು ಬಹುಮಟ್ಟಿಗೆ ವಿದಿತವೇ ಆಗಿದೆ. ಆದರೆ ಬ್ಯಾಂಕಿನ ಕೌಂಟರಿನ ಈಚೆಗೆ ನಿಂತ ಸಣ್ಣ ವ್ಯಾಪಾರಿಯ ದೃಷ್ಟಿಯಿಂದ ಅದನ್ನು ನೋಡಿದವರು ವಿರಳ. ಹಿಂದೆ ಪುತ್ತೂರು ತಾಲ್ಲೂಕಿಗೆ ಸೇರಿದ್ದು ಈಗ ಕಡಬ ತಾಲ್ಲೂಕಿಗೆ ಒಳಪಟ್ಟಿರುವ ಕಾಣಿಯೂರಿನಂತಹ, ಅಡಕೆಯ ಸೀಮೆಯ ಗ್ರಾಮಪೇಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಾವಿಲ್ಲಿ ಒಂದೇ ಪ್ರಶ್ನೆಯನ್ನು ವಿಚಾರಿಸುತ್ತೇವೆ: ಅಂಗಡಿಗೆ ಬಂದ ಹಣದ ಲೆಕ್ಕವನ್ನು ಬರೆಯುವವರು ಯಾರು?

ಬ್ಯಾಂಕುಗಳು ಹಳ್ಳಿಗೆ ಬರುವುದಕ್ಕೆ ಮೊದಲು ಇದಕ್ಕೆ ಉತ್ತರ ಸರಳವಾಗಿತ್ತು. ವ್ಯಾಪಾರಿಯು ತನ್ನ ಕಿರ್ದಿಯನ್ನು ತಾನೇ ಬರೆದನು. ಅಡಕೆ ಮಾರಾಟವಾದಾಗ ತೀರತಕ್ಕ ಕಡ, ಕೈಗಡ, ನಗದು, ಎಲ್ಲವೂ ಅವನ ಕೈಬರಹದಲ್ಲಿ ಬೇರೆಬೇರೆಯಾಗಿ ನಮೂದಾಗುತ್ತಿದ್ದವು.

1925ರಲ್ಲಿ ಉಡುಪಿಯಲ್ಲಿ ಡಾ. ಟಿ. ಎಂ. ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಇವರು 8,000 ರೂಪಾಯಿಗಳ ಬಂಡವಾಳದಿಂದ ಸ್ಥಾಪಿಸಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕಾಯಿತು. ಸಂಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಅದರ ಮೂಲೋದ್ದೇಶ. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿಯು ದಿನವೂ ಮನೆಗೆ, ಅಂಗಡಿಗೆ ಬಂದು ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಸ್ವೀಕರಿಸುತ್ತಿದ್ದನು. ಅವನ ಕಮಿಷನ್ನನ್ನು ಬ್ಯಾಂಕೇ ಕೊಡುತ್ತಿತ್ತು. ಇಲ್ಲಿ ಲೆಕ್ಕದ ಒಂದಂಶವು ಅಂಗಡಿಯಿಂದ ಬ್ಯಾಂಕಿಗೆ ಹೋಯಿತೆಂಬುದು ನಿಜ. ಆದರೆ ಎಷ್ಟು ಹೋಗಬೇಕೆಂಬುದನ್ನು ವ್ಯಾಪಾರಿಯೇ ನಿರ್ಧರಿಸುತ್ತಿದ್ದನು. ಪಾಸ್‌ಪುಸ್ತಕವು ಅವನ ಉಳಿತಾಯಕ್ಕೆ ಸಾಕ್ಷಿಯಾಗಿತ್ತೇ ಹೊರತು ಅವನ ವಹಿವಾಟಿಗಲ್ಲ.

2004ರಲ್ಲಿ ಆರ್.ಟಿ.ಜಿ.ಎಸ್., 2005ರಲ್ಲಿ ನೆಫ್ಟ್, 2010ರಲ್ಲಿ ಐ.ಎಂ.ಪಿ.ಎಸ್. ಪದ್ಧತಿಗಳು ಬಂದುವು. ಇವುಗಳಿಂದ ಬ್ಯಾಂಕು ಬ್ಯಾಂಕುಗಳ ನಡುವಣ ಹಣದ ಸಂಚಾರವು ತ್ವರಿತವಾಯಿತು. 2016ರಲ್ಲಿ ಆರಂಭವಾದ ಯು.ಪಿ.ಐ. ಪದ್ಧತಿಯಾದರೋ ಕಿರಾಣಿ ಅಂಗಡಿಯ ಹಲಗೆಯವರೆಗೂ ಬಂದಿತು. ಗಿರಾಕಿಯು ಕ್ಯೂ.ಆರ್. ಫಲಕಕ್ಕೆ ಫೋನು ಹಿಡಿದು ಮೊತ್ತವನ್ನೂ ಗುಪ್ತಸಂಖ್ಯೆಯನ್ನೂ ಒತ್ತಿದೊಡನೆ ಆ ಆದೇಶವು ರಾಷ್ಟ್ರೀಯ ಪಾವತಿ ನಿಗಮದ ಮೂಲಕ ಎರಡು ಬ್ಯಾಂಕುಗಳನ್ನು ಮುಟ್ಟಿ, ಕೆಲವೇ ಕ್ಷಣಗಳಲ್ಲಿ ಅಂಗಡಿಯವನ ಖಾತೆಗೆ ಜಮೆಯಾಗುತ್ತದೆ. ಬ್ಯಾಂಕುಗಳು ತಮ್ಮತಮ್ಮೊಳಗಿನ ಲೆಕ್ಕವನ್ನು ರಿಸರ್ವ್ ಬ್ಯಾಂಕಿನಲ್ಲಿ ಅನಂತರ ತೀರಿಸಿಕೊಳ್ಳುತ್ತವೆ. ಇಂತಹ ಪಾವತಿಗೆ ವ್ಯಾಪಾರಿಯು ತೆರಬೇಕಾದ ಶುಲ್ಕವು 2020ರ ಜನವರಿ 1ರಿಂದ ರದ್ದಾಯಿತು. ಪಿಗ್ಮಿಯಲ್ಲಿದ್ದಂತೆ ಇಲ್ಲಿಯೂ ಸಾಗಣೆಯ ವೆಚ್ಚವು ಅಂಗಡಿಯವನ ಕಣ್ಣಿಗೆ ಬೀಳುವುದಿಲ್ಲ. ಸಿಂಡಿಕೇಟ್ ಬ್ಯಾಂಕೇ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು.

ವೇಗವೇ ಈ ಬದಲಾವಣೆಯ ಸಾರವೆಂದು ನಾವು ಭಾವಿಸುವುದಿಲ್ಲ. ಈಗ ಒಂದೊಂದು ಜಮೆಯೂ ವ್ಯಾಪಾರಿಯ ಕೈಸೋಕದೆ ತಾನಾಗಿ ಲಿಖಿತವಾಗುತ್ತದೆ; ಮುಖ್ಯವಾದುದು ಇದು. 2025ರ ಜುಲೈ ತಿಂಗಳಲ್ಲಿ ಇದರ ಅರ್ಥ ಸ್ಪಷ್ಟವಾಯಿತು. ಯು.ಪಿ.ಐ. ಜಮೆಗಳನ್ನು ಆಧರಿಸಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು ಜಿ.ಎಸ್.ಟಿ. ನೋಂದಣಿಯಿಲ್ಲದ ಸಣ್ಣ ವರ್ತಕರಿಗೆ ನೋಟೀಸು ಕಳುಹಿಸಿತು. ಸರಕಿನ ವ್ಯಾಪಾರದಲ್ಲಿ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿಗಳನ್ನು ಮೀರಿದರೆ ನೋಂದಣಿ ಕಡ್ಡಾಯವೆಂಬುದು ನಿಯಮ. ಆದರೆ ತೆರಿಗೆಯಿಲ್ಲದ ಹಾಲು, ತರಕಾರಿ ಮಾರುವವರಿಗೂ ನೋಟೀಸು ತಲಪಿತು. ಬೆಂಗಳೂರಿನ ಹಲವು ಅಂಗಡಿಗಳಲ್ಲಿ ನಗದು ಮಾತ್ರವೆಂಬ ಫಲಕಗಳು ಕಾಣಿಸಿಕೊಂಡವು. ನೋಂದಾಯಿಸಿಕೊಳ್ಳುವವರಿಂದ ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ಸರ್ಕಾರವು ಬಳಿಕ ಭರವಸೆಯಿತ್ತಿತು.

ಜಮೆಯೆಲ್ಲವೂ ವಿಕ್ರಯವಲ್ಲ. ಬಂಧುಗಳ ಕೈಗಡವೂ ಹಿಂದಿರುಗಿದ ಸಾಲವೂ ಅದೇ ಖಾತೆಗೆ ಬರಬಹುದು. ಕಿರ್ದಿಯು ಹೇಳುತ್ತಿದ್ದ ಈ ಭೇದವನ್ನು ಬ್ಯಾಂಕಿನ ಲೆಕ್ಕವು ತಾನಾಗಿ ಹೇಳಲಾರದು. ಅದೇ ಲೆಕ್ಕವು ಸಾಲ ಬೇಡುವಾಗ ವ್ಯಾಪಾರಿಗೆ ಆಧಾರವೂ ಆಗಬಲ್ಲುದಾದುದರಿಂದ ಅದನ್ನು ತೊರೆಯುವುದು ಅವನಿಗೆ ಹಿತವಲ್ಲ. ಅದರ ಪಕ್ಕದಲ್ಲಿ ಕಿರ್ದಿಯನ್ನು ಉಳಿಸಿಕೊಳ್ಳುವುದೇ ಕ್ಷೇಮ. ಇತಿಹಾಸದ ವಿದ್ಯಾರ್ಥಿಗಳಿಗೂ ಇಲ್ಲೊಂದು ಕಾರ್ಯವಿದೆ. ಗ್ರಾಮಪೇಟೆಗಳ ಹಳೆಯ ಕಿರ್ದಿಗಳನ್ನೂ ಪಿಗ್ಮಿ ಪುಸ್ತಕಗಳನ್ನೂ ಗೆದ್ದಲು ಮುಟ್ಟುವ ಮೊದಲೇ ಸಂಗ್ರಹಿಸಿದಲ್ಲಿ, ವ್ಯಾಪಾರಿಯ ಕೈಬರಹದ ಲೆಕ್ಕವೂ ಬ್ಯಾಂಕಿನ ಲೆಕ್ಕವೂ ಎಲ್ಲಿ ಕೂಡುತ್ತವೆ, ಎಲ್ಲಿ ಅಗಲುತ್ತವೆಯೆಂಬುದು ನಮಗೆ ತಿಳಿದೀತು.